ಕೊಟ್ಟಿಗೆಯಲ್ಲಿ ಮುಗಿಯುತ್ತಿದ್ದ ಹಾಡು

ನಾನು ಮದುವೆಯಾಗಿ ಬೂದಿಕೋಟೆ ಪಕ್ಕದ ಈ ಹಳ್ಳಿಗೆ ಬಂದ ಹೊಸದರಲ್ಲೇ ಒಂದು ಚುನಾವಣೆ ಬಂತು. ಯಾವ ಚುನಾವಣೆ ಎಂದು ಕೇಳಬೇಡಿ. ನಮ್ಮ ಕಡೆ ಒಂದರ ಪೋಸ್ಟರ್ ಉದುರುವುದರೊಳಗೆ ಇನ್ನೊಂದರ ಪೋಸ್ಟರ್ ಅದರ ಮೇಲೆ ಕೂತಿರುತ್ತದೆ. ಒಂದು ಸಂಜೆ ನಮ್ಮತ್ತೆ ಬಂಗಾರಪೇಟೆಯ ಸಭೆ ಮುಗಿಸಿಕೊಂಡು ಟೆಂಪೋದಲ್ಲಿ ಬಂದಿಳಿದರು. ಕಾಲು ತೊಳೆಯಲಿಲ್ಲ, ನಾನು ಹಿಡಿದುಕೊಂಡು ನಿಂತಿದ್ದ ನೀರಿನ ಚೊಂಬನ್ನು ನೋಡಲೂ ಇಲ್ಲ. ನೇರ ಕೊಟ್ಟಿಗೆಗೆ ಹೋಗಿ, ಸೀಮೆ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಾಲು ಕರೆಯುತ್ತ ಹಾಡತೊಡಗಿದರು. ಮೊದಲಿಂದ ಹಾಡಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಅವರು ಶುರು ಮಾಡಿದ್ದು ನಟ್ಟನಡುವಿನಿಂದ.

ನಾನು ಕೆಜಿಎಫ್‌ನ ಊರಿಗಾಂನಲ್ಲಿ, ಚಿನ್ನದ ಗಣಿ ಕೂಲಿಗಳ ಸಾಲುಮನೆಯ ಲೈನಿನಲ್ಲಿ ಬೆಳೆದವಳು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಅಂಗಡಿಗೆ ಹೋದರೆ ತೆಲುಗೂ ಬೇಕು. ಹಾಡು ಎಂದರೆ ನಮಗೆ ಆರ್ಕೆಸ್ಟ್ರಾ. ಹಾಲು ಕರೆಯುತ್ತ ಹಾಡುವ ಹೆಂಗಸನ್ನು ಸಿನಿಮಾದಲ್ಲಿ ಮಾತ್ರ ನೋಡಿದ್ದೆ. ಅಲ್ಲೂ ಅವಳು ಹಾಲು ಕರೆಯುತ್ತಿರಲಿಲ್ಲ, ಹಸುವಿನ ಪಕ್ಕ ನಿಂತು ಜಡೆ ತಿರುಗಿಸುತ್ತಿದ್ದಳು. ನನ್ನ ಬಾಯಿ ಆಗಲೂ ಸುಮ್ಮನಿರುವ ಬಾಯಲ್ಲ. ಕೇಳಿಯೇಬಿಟ್ಟೆ.

"ಸಭೇಲಿ ಹಾಡಿದ್ದು ಸಾಲ್ದೇ ಹೋಯ್ತಾ ಅತ್ತೆ?"

"ಮೈಕ್ ಕಿತ್ಕೊಂಡ್ರು ಕಣಮ್ಮಿ. ಅಣ್ಣ ಇನ್ನೂ ಒಳ್ಗೇ ಅವ್ನೆ. ಅವ್ನನ್ನ ಅಲ್ಲೇ ಬಿಟ್ಟು ನಾನು ಬಂದು ಉಣ್ಣಾಕಾಯ್ತದಾ?"

ನನಗೆ ಎದೆ ಧಸಕ್ಕೆಂದಿತು. ಯಾವ ಅಣ್ಣ, ಎಲ್ಲಿಯ ಒಳಗೆ? ಗಣಿ ಊರಿನ ಹುಡುಗಿಗೆ 'ಒಳಗೇ ಇದ್ದಾನೆ' ಎಂಬ ಮಾತನ್ನು ಹಾಗೆಲ್ಲ ಹೇಳಬಾರದು. ನಮ್ಮ ಅಮ್ಮನ ಅಣ್ಣ, ನನ್ನ ದೊಡ್ಡ ಮಾವ, ಒಂದು ದಿನ ಪಾಳಿಗೆಂದು ಕೆಳಗಿಳಿದವರು ಮೇಲೆ ಬರಲಿಲ್ಲ. ನಾನು ಹುಟ್ಟುವ ಮೊದಲಿನ ಮಾತು ಅದು. ಅಮ್ಮ ಅವರ ವಿಷಯ ಎತ್ತಿದ್ದನ್ನು ನಾನು ಕೇಳಿಯೇ ಇಲ್ಲ.

ಅತ್ತೆ ಹೇಳಿದ್ದು ಹಾಡಿನೊಳಗಿನ ಅಣ್ಣನ ಮಾತು. ಅವರ ತಾಯಿಯಿಂದ ಬಂದ ಹಾಡು. ತಂಗಿ ಕಿವಿಗೆ ಓಲೆ ಬೇಕೆಂದು ಹಟ ಹಿಡಿಯುತ್ತಾಳೆ. ಅಣ್ಣ ಬಂಗಾರ ತರುತ್ತೇನೆಂದು ಭೂಮಿಯೊಳಕ್ಕೆ ಇಳಿಯುತ್ತಾನೆ. ಓಲೆ ಮೇಲೆ ಬರುತ್ತದೆ, ಅಣ್ಣ ಬರುವುದಿಲ್ಲ. ಹುಡುಗಿ ಕಾಗೆಯನ್ನು ಕೇಳುತ್ತಾಳೆ, ಬಾವಿಯನ್ನು ಕೇಳುತ್ತಾಳೆ, ಹುತ್ತವನ್ನು ಕೇಳುತ್ತಾಳೆ, ನಮ್ಮಣ್ಣನ್ನ ಕಂಡಿರಾ ಎಂದು. ಕಟ್ಟಕಡೆಯ ಪದದಲ್ಲಿ, ಎಂದರೆ ಕಡೆಯ ನುಡಿಯಲ್ಲಿ, ಓಲೆ ಬಿಚ್ಚಿ ಮಣ್ಣಿಗೆ ವಾಪಸು ಕೊಡುತ್ತಾಳೆ. ಆಗ ಅಣ್ಣ ತಲೆಯ ಮೇಲಿನ ಮಣ್ಣು ಕೊಡವಿಕೊಂಡು ಮೇಲೆ ಬರುತ್ತಾನೆ. ಕೊನೆಯ ಪದ ಹಾಡದಿದ್ದರೆ ಅವನು ಬರುವಂತಿಲ್ಲ. ಅಷ್ಟೇ ಲೆಕ್ಕ ಅತ್ತೆಯದು.

ಆದ್ದರಿಂದ ಸಭೆಯಲ್ಲಿ ಎಲ್ಲಿಗೆ ನಿಂತಿತೋ ಅಲ್ಲಿಂದ ಕೊಟ್ಟಿಗೆಯಲ್ಲಿ ಎತ್ತಿಕೊಂಡು, ಅಣ್ಣನನ್ನು ಮೇಲೆ ತಂದು, ಆಮೇಲೆ ಕೈಕಾಲು ತೊಳೆಯುವುದು. ಎಷ್ಟೋ ವರ್ಷಗಳಿಂದ ಅದೇ ರೂಢಿ. ಆ ಕೊನೆಯ ಪದವನ್ನು ಕೇಳಿದ್ದವರು ನಮ್ಮ ಮನೆಯ ಹಸುಗಳು ಮತ್ತು ಬಾಗಿಲಲ್ಲಿ ಚೊಂಬು ಹಿಡಿದು ನಿಂತ ನಾನು, ಇಷ್ಟೇ ಮಂದಿ.

ಮುಂದಿನ ಚುನಾವಣೆಯ ಹೊತ್ತಿಗೆ ಅತ್ತೆ ನನ್ನನ್ನೂ ಜೊತೆಗೆ ಎಳೆದುಕೊಂಡರು. ನಾನು ಬಂಗಾರಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿಗೆ ಹೋಗುವವಳು. ಅಂಗಡಿಯಲ್ಲಿ ಹೇಗೂ ಇಡೀ ದಿನ ಬಾಯಾಡಿಸ್ತೀಯ, ಅದೇ ಬಾಯಲ್ಲಿ ಸೊಲ್ಲೆತ್ತು ಎಂದರು. ಸೊಲ್ಲು ಎಂದರೆ ಮುಂದಾಳು ಹಾಡಿ ನಿಲ್ಲಿಸಿದ ಕೂಡಲೇ ಉಳಿದವರು ಎತ್ತಿಕೊಳ್ಳುವ ಸಾಲು. ಈ ಹಾಡಿನ ಸೊಲ್ಲು 'ಮೇಲೆ ಬಾರೊ ಅಣ್ಣ, ಮೇಲೆ ಬಾರೊ' ಎಂದು. ಸೊಲ್ಲಿಗೆ ಇರುವುದು ಒಂದೇ ಕಟ್ಟಳೆ, ಅದು ಕೆಳಗೆ ಬೀಳಬಾರದು. ಮುಂದಾಳಿಗೆ ಕೆಮ್ಮು ಬರಲಿ, ಪದ ಮರೆತುಹೋಗಲಿ, ಮಗು ಅತ್ತು ಎದ್ದು ಹೋಗಲಿ, ದನಿ ನಿಂತಿತು ಎಂದರೆ ಹತ್ತಿರ ಇರುವವರು ಎತ್ತಿಕೊಳ್ಳಬೇಕು. ಎತ್ತಿದ ಮೇಲೆ ಮುಂದಾಳು ಮುಂದಿನ ಪದ ಹಾಡಲೇಬೇಕು. ಸೋಬಾನೆಯಲ್ಲಿ, ನಾಟಿಯಲ್ಲಿ, ಭಜನೆಯಲ್ಲಿ ಕೂತು ಬೆಳೆದ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆಕಳಿಕೆ ಬಂದರೆ ಬಾಯಿ ತೆರೆಯುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ಸಭೆಗಳಲ್ಲಿ ನಮ್ಮ ಕೆಲಸ ಲೀಡರ್ ಬರುವ ತನಕ ಜನರನ್ನು ಕೂರಿಸುವುದು. ಬೆಳಿಗ್ಗೆ ಬರುತ್ತೇವೆ ಎಂದವರು ಬಿಸಿಲು ನೆತ್ತಿಗೇರಿದರೂ ಬರುವುದಿಲ್ಲ. ಅತ್ತೆ ಹಾಡುತ್ತಾರೆ, ಜನ ಕೂರುತ್ತಾರೆ. ಎಲ್ಲ ಪಕ್ಷದವರಿಗೂ ಇದೇ ಹಾಡು ಬೇಕು. ಅವರವರ ಲೀಡರ್ ಅವರವರಿಗೆ ಅಣ್ಣನೇ ಆದ್ದರಿಂದ ಯಾರ ವೇದಿಕೆಯ ಮೇಲೂ ಅದು ಸಲ್ಲುತ್ತಿತ್ತು. ಹುಡುಗಿ ಹುತ್ತದ ಹತ್ತಿರ ಹೋಗುವಷ್ಟರಲ್ಲಿ ದೂರದಲ್ಲಿ ಪಟಾಕಿ ಸಿಡಿಯುತ್ತದೆ, ಬ್ಯಾಂಡ್ ಶುರುವಾಗುತ್ತದೆ, ಬಿಳಿ ಅಂಗಿಯವನೊಬ್ಬ ಹಾರಿ ಬಂದು ಮೈಕ್ ಕಿತ್ತುಕೊಳ್ಳುತ್ತಾನೆ. ಜೈಕಾರದ ಗದ್ದಲದಲ್ಲಿ ಅತ್ತೆಯ ಬಾಯಿ ಒಂದಷ್ಟು ಹೊತ್ತು ಆಡುತ್ತಲೇ ಇರುತ್ತದೆ. ನಾನು ಅವರ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಬರುತ್ತೇನೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಗೆ ಕೋಪ ಎಂಬುದೇ ಇಲ್ಲ.

"ನಾಲ್ಕು ಜನದ ಮುಂದೆ ಒಂದ್ಸಲ ಅವ್ನನ್ನ ಮೇಲಕ್ಕೆ ತಂದ್ಬಿಟ್ರೆ ಸಾಕು ಕಣಮ್ಮಿ," ಎಂದರು ಒಮ್ಮೆ, ಬಸ್ಸಿನಲ್ಲಿ, ಕಿಟಕಿಯಾಚೆ ನೋಡುತ್ತ. "ಕೊಟ್ಟಿಗೇಲಿ ಎಷ್ಟು ಸಲ ಬಂದ್ರೂ ಅವ್ನು ಬಂದಿದ್ದು ಯಾರ್ಗೆ ಗೊತ್ತಾಯ್ತದೆ?" ಅವರು ಬೇರೇನನ್ನೂ ಬಯಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಹೊಸ ಸೀರೆ ತಂದುಕೊಟ್ಟರೂ ಪೆಟ್ಟಿಗೆಯಲ್ಲಿಟ್ಟು, ಸಭೆಗೆ ಉಡುವ ಅದೇ ಹಸಿರು ಸೀರೆಯನ್ನು ಒಗೆದು ಹಾಕುತ್ತಿದ್ದರು.

ಹೀಗಿರುವಾಗ ಬಂದರು ಸಿನಿಮಾದವರು.

ಅವರನ್ನು ಕರೆತಂದದ್ದು ನಮ್ಮ ಕಡೆ ಸಭೆಗಳಿಗೆ ಜನ ತುಂಬುವ ಮೇಸ್ತ್ರಿ. ಯಾವ ಪಕ್ಷಕ್ಕಾದರೂ ಸರಿ, ಎಷ್ಟು ಟೆಂಪೋ ಬೇಕೋ ಅಷ್ಟು ಜನ ಅವನ ಹತ್ತಿರ ಸಿದ್ಧ. ಹೆಗಲ ಮೇಲೆ ಸದಾ ಒಂದು ಟವೆಲ್. ವೇದಿಕೆಯ ಮೂಲೆಯಲ್ಲಿ ನಿಂತು ಟವೆಲ್ ಮೇಲೆತ್ತಿದರೆ ನಾವು ಚಪ್ಪಾಳೆ ತಟ್ಟಬೇಕು, ತಿರುಗಿಸಿದರೆ ಎದ್ದು ಜೈ ಅನ್ನಬೇಕು. ಸಿನಿಮಾಕ್ಕೂ ಜನ ಬೇಕು ಎಂದಾಗ ಅವನು ಕೇಳಿದ ಮೊದಲ ಪ್ರಶ್ನೆ, ಯಾವ ಪಕ್ಷದ ಸಿನಿಮಾ ಎಂದು.

ಡೈರೆಕ್ಟರು ಬೆಂಗಳೂರಿನ ಗಡ್ಡದ ಹುಡುಗ. ನಮ್ಮ ಜಗಲಿಯ ಮೇಲೆ ಕೂತು ಕತೆ ಹೇಳಿದ. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಎಲ್ಲರದ್ದೂ ಒಂದೊಂದು ಚೂರು. ಚುನಾವಣೆ ಹೊತ್ತಿನಲ್ಲಿ ಒಂದು ಸೀಮೆಯ ಹಾಡುಗಾರರೆಲ್ಲ ಏನಾಗುತ್ತಾರೆ ಎಂಬುದು ಕತೆ. ಒಂದೇ ರಾಗಕ್ಕೆ ಬೆಳಿಗ್ಗೆ ಒಬ್ಬನ ಹೆಸರು, ಸಂಜೆ ಇನ್ನೊಬ್ಬನ ಹೆಸರು ತುರುಕುವ ಆರ್ಕೆಸ್ಟ್ರಾ ಮೇಷ್ಟ್ರು. ಟಿಕೆಟ್ ಸಿಗದೆ ತತ್ವಪದ ಹಾಡುವುದಕ್ಕೆ ಕೂತ ಮಾಜಿ ಶಾಸಕ. ಸಾವಿನ ಮನೆಗೂ ಮೈಕ್ ಸೆಟ್ಟು ಹೊತ್ತುಕೊಂಡು ಬರುವ ಲೀಡರ್. ನಾನು ಬಿದ್ದು ಬಿದ್ದು ನಕ್ಕೆ. ಅತ್ತೆ ನಗಲಿಲ್ಲ. ಇದ್ರಲ್ಲಿ ನಗೋದೇನೈತೆ, ಎಲ್ಲಾ ನಡೆಯೋದೇ ಅಲ್ವಾ ಎಂದರು. ಆ ಹುಡುಗ ಅತ್ತೆಯನ್ನೇ ನೋಡುತ್ತ ಕೂತ. ಕೊನೆಯ ದೃಶ್ಯದಲ್ಲಿ ಅವರು ಹಾಡಬೇಕು, ಹಾಡಿನ ನಡುವೆ ಲೀಡರ್ ಬರಬೇಕು, ಮೈಕ್ ಕಿತ್ತುಕೊಳ್ಳಬೇಕು, ಅಷ್ಟೇ ಎಂದ.

"ಅಲ್ಲೂ ಕಿತ್ಕೋತಾರಾ?" ಎಂದರು ಅತ್ತೆ.

"ಅದೇ ಅಮ್ಮ ಸೀನು. ಹಾಡು ಕಟ್ ಆಗ್ಬೇಕು. ಆಗ್ಲೇ ನೋಡೋರಿಗೆ ಚುರುಕ್ ಅನ್ನೋದು."

ನಾನು ಬೇಡ ಎಂದೆ. ನಿಜದಲ್ಲಿ ಕಿತ್ತುಕೊಂಡದ್ದು ಸಾಲದೆ ಆಟಕ್ಕೂ ಕಿತ್ತುಕೊಳ್ಳುವುದೇ? ಅತ್ತೆ ಎಲೆಯಡಿಕೆ ಮಡಿಚಿ ಬಾಯಿಗಿಟ್ಟುಕೊಂಡು ಒಪ್ಪಿದರು. ಅವರ ಲೆಕ್ಕ ನನಗೆ ಅರ್ಥವಾಗಲಿಲ್ಲ. ಬಹುಶಃ ಲೆಕ್ಕವೇ ಇರಲಿಲ್ಲ. ಹಾಡು ಎಂದು ಕೇಳಿದವರಿಗೆ ಅವರು ಯಾವತ್ತೂ ಇಲ್ಲ ಎಂದವರಲ್ಲ.

ಶೂಟಿಂಗ್ ನಡೆದದ್ದು ಊರಿಗಾಂನ ಒಂದು ಬಯಲಿನಲ್ಲಿ. ಒಂದು ಕಡೆ ಬಂಗಾರ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ, ಇನ್ನೊಂದು ಕಡೆ ಗಣಿ ಕಂಪನಿ ಕಾಲದ ಹಾಳು ಕಟ್ಟಡ. ವೇದಿಕೆಯ ಬೆನ್ನಿಗೆ ಮುಚ್ಚಿದ ಗಣಿ ಶಾಫ್ಟಿನ ಕಬ್ಬಿಣದ ಗೋಪುರ, ಜನರನ್ನು ಕೆಳಗಿಳಿಸುತ್ತಿದ್ದ ಗಾಲಿ ಅದರ ನೆತ್ತಿಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಡೈರೆಕ್ಟರ್ ಆ ಜಾಗ ಆರಿಸಿದ್ದು ನೋಡಲು ಚೆಂದ ಎಂದು. ಹಾಡಿನ ಕತೆ ಅವನು ಪೂರ್ತಿ ಕೇಳಿಯೂ ಇರಲಿಲ್ಲ. ಹುತ್ತದ ತನಕ ಸಾಕು ಎಂದಿದ್ದ.

ಮೇಸ್ತ್ರಿ ನಮ್ಮ ಹಳ್ಳಿಗಳ ಹೆಂಗಸರನ್ನು ಟೆಂಪೋದಲ್ಲಿ ತಂದಿದ್ದ. ಆಂಧ್ರದ ಗಡಿಯ ಕಡೆಯಿಂದ ತೆಲುಗಿನವರು ಒಂದಷ್ಟು ಜನ. ಜಾಗ ತುಂಬಲಿಲ್ಲವೆಂದು ಊರಿಗಾಂ ಲೈನಿನ ತಮಿಳು ಹೆಂಗಸರನ್ನೂ ಕರೆದು ಕೂರಿಸಿದರು. ಅವರ ನಡುವೆ ನೋಡುತ್ತೇನೆ, ನಮ್ಮಮ್ಮ. ಪಕ್ಕದ ಮನೆಯವರು ಎಳೆದುಕೊಂಡು ಬಂದರಂತೆ. ಸೆರಗು ತಲೆಯ ಮೇಲೆ ಹೊದ್ದುಕೊಂಡು, ಯಾವುದಕ್ಕೂ ಸಂಬಂಧವಿಲ್ಲದವರ ಹಾಗೆ ಕೂತಿದ್ದರು.

ಶುರುವಾಗುವ ಮೊದಲು ಸಹಾಯಕಿಯೊಬ್ಬಳು ಕನ್ನಡದಲ್ಲಿ ಹೇಳಿದಳು, ಮೇಸ್ತ್ರಿ ತಮಿಳಿನಲ್ಲೂ ತೆಲುಗಿನಲ್ಲೂ ಹೇಳಿದ. ಮೈಕ್ ಕಿತ್ತುಕೊಂಡಾಗ ಯಾರೂ ತುಟಿ ಪಿಟಕ್ಕೆನ್ನಬಾರದು. ಪಟಾಕಿ, ಬ್ಯಾಂಡು, ಜೈಕಾರ ಎಲ್ಲ ಆಮೇಲೆ ಸೇರಿಸುತ್ತಾರೆ. ಈಗ ಮಾತ್ರ ನಿಶ್ಶಬ್ದ ಬೇಕು.

ಅತ್ತೆ ಹಾಡಿದರು, ಪಕ್ಕದಲ್ಲಿ ನಾನು. ಕಾಗೆಯನ್ನು ಕೇಳಿದ್ದಾಯಿತು, ಬಾವಿಯನ್ನು ಕೇಳಿದ್ದಾಯಿತು. ಹುಡುಗಿ ಹುತ್ತದ ಹತ್ತಿರ ಬಂದಳು. ಲೀಡರ್ ವೇಷದ ಹಿರಿಯ ನಟರು, ಕಂಪನಿ ನಾಟಕದಲ್ಲಿ ಪಳಗಿದವರು, ಕೈಮುಗಿಯುತ್ತ ಮೆಟ್ಟಿಲು ಹತ್ತಿ ಬಂದು ಮೈಕ್ ಕೈಗೆ ತೆಗೆದುಕೊಂಡರು. ಅತ್ತೆಯ ದನಿ ಅಲ್ಲಿಗೆ ನಿಂತಿತು. ನಾನೂ ಸಹಾಯಕಿ ಹೇಳಿದ್ದ ಹಾಗೆ ಬಾಯಿ ಮುಚ್ಚಿಕೊಂಡು ನಿಂತೆ.

ಅಷ್ಟು ವರ್ಷ ಎಷ್ಟೋ ವೇದಿಕೆಗಳ ಮೇಲೆ ಆ ಹಾಡು ಅಲ್ಲಿಗೇ ನಿಂತಿತ್ತು. ಆದರೆ ನಿಂತದ್ದು ಯಾರ ಕಿವಿಗೂ ಬಿದ್ದಿರಲಿಲ್ಲ, ಪಟಾಕಿ ಅದನ್ನು ಮುಚ್ಚಿಬಿಡುತ್ತಿತ್ತು. ಅವತ್ತು ಪಟಾಕಿ ಇರಲಿಲ್ಲ. ಬಯಲಿನಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಆ ಖಾಲಿಯೊಳಕ್ಕೆ ಸೊಲ್ಲು ಬೀಳುತ್ತಿತ್ತು. ಕೂತ ಹೆಂಗಸರು ಎತ್ತಿಕೊಂಡುಬಿಟ್ಟರು.

"ಮೇಲೆ ಬಾರೊ ಅಣ್ಣ, ಮೇಲೆ ಬಾರೊ."

"ಕಟ್! ಯಾರ್ರೀ ಅದು?"

ಯಾರು ಎಂದು ಹೇಳುವುದು? ಎಲ್ಲರೂ. ಹೆಂಗಸರು ನಾಲಿಗೆ ಕಚ್ಚಿಕೊಂಡರು, ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಮೇಸ್ತ್ರಿ ಟವೆಲ್ ಒದರಿ, ಸುಮ್ನೆ ಕೂತ್ಕೊಳ್ಳಾಕೂ ಬರಾಕಿಲ್ವಾ ನಿಮ್ಗೆ ಎಂದು ರೇಗಿದ. ನಮ್ಮೂರ ಒಬ್ಬಾಕೆ ಎದ್ದು ನಿಂತು, ಬಾಯಿ ತಾನೇ ಓಯ್ತು ಕಣಣ್ಣೋ, ನಾನೇನ್ ಕಳಿಸ್ದೆನಾ ಎಂದಳು. ಎರಡನೆಯ ಸಲ ಗಟ್ಟಿಯಾಗಿ ಬಾಯಿ ಮುಚ್ಚಿ ಕೂತರು. ಕೆಲವರು ಸೆರಗು ತುಟಿಗೆ ಒತ್ತಿಕೊಂಡಿದ್ದು ಕಾಣುತ್ತಿತ್ತು. ಮೈಕ್ ಹೋಯಿತು, ದನಿ ನಿಂತಿತು, ಒಂದು ಗಳಿಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಹಿಂದಿನ ಸಾಲಿನಿಂದ ಒಂದು ಮುದುಕಿಯ ದನಿ ಮೆಲ್ಲಗೆ ಎದ್ದಿತು, ಅದರ ಬೆನ್ನಿಗೆ ಉಳಿದವರದು.

ಡೈರೆಕ್ಟರ್ ಟೋಪಿ ತೆಗೆದು ನೆಲಕ್ಕೆ ಬಡಿದ. ಇವರನ್ನೆಲ್ಲ ಎಬ್ಬಿಸಿ ಬೇರೆ ಜನ ತನ್ನಿ ಎಂದ. ಬೇರೆ ಜನ ಎಲ್ಲಿಂದ ತರುವುದು? ಅಲ್ಲಿಂದ ಸುತ್ತಮುತ್ತ ಯಾವ ಹಳ್ಳಿಗೆ ಹೋದರೂ ಇದೇ ಬಾಯಿಗಳು. ಅಷ್ಟರಲ್ಲಿ ಶಬ್ದ ಹಿಡಿಯುವ ಹುಡುಗಿ, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡಿದ್ದವಳು, ಅವನ ಹತ್ತಿರ ಹೋಗಿ ಏನೋ ಹೇಳಿದಳು. ಹೆಡ್‌ಫೋನ್ ಬಿಚ್ಚಿ ಅವನ ಕಿವಿಗೇ ಇಟ್ಟು, ಆಗ ಹಿಡಿದ ಸೊಲ್ಲನ್ನು ಕೇಳಿಸಿದಳು. ಅವನು ಕೇಳುತ್ತ ನಿಂತ. ಗಡ್ಡದ ಮೇಲೆ ಕೈಯಾಡಿಸುತ್ತಿದ್ದವನು ಕೈ ನಿಲ್ಲಿಸಿದ. ಆಮೇಲೆ ಮೇಸ್ತ್ರಿಗೂ ಏನೂ ಹೇಳದೆ, ನಟರಿಗೂ ಏನೂ ಹೇಳದೆ, ಇನ್ನೊಂದು ಸಲ ಎಂದಷ್ಟೇ ಅಂದ.

ಮೂರನೆಯ ಸಲ ಮೈಕ್ ಹೋಯಿತು. ಸೊಲ್ಲು ಎದ್ದಿತು. ಯಾರೂ ಕಟ್ ಎನ್ನಲಿಲ್ಲ.

ಹೆಂಗಸರಿಗೂ ದಿಗಿಲು. ಬೈಯುವವರು ಬೈಯದಿದ್ದರೆ ಏನು ಮಾಡುವುದು? ಸೊಲ್ಲು ಮುಗಿಯುತ್ತ ಬಂತು. ಎತ್ತಿದ ಮೇಲೆ ಮುಂದಾಳು ಹಾಡಲೇಬೇಕಲ್ಲ. ಅತ್ತೆ ಮೈಕ್ ಇಲ್ಲದೆ, ಬರೀ ಬಾಯಲ್ಲಿ, ಹುತ್ತದ ಪದವನ್ನು ಎತ್ತಿಕೊಂಡರು. ಬಯಲಿನ ಕೊನೆಯವರೆಗೆ ಕೇಳಿಸಿತು ಎಂದು ಆಮೇಲೆ ಎಲ್ಲರೂ ಹೇಳಿದರು. ಜನ ಮತ್ತೆ ಸೊಲ್ಲು ಕೊಟ್ಟರು. ಈ ಸಲ ಊರಿಗಾಂನವರೂ ಸೇರಿಕೊಂಡರು, 'ಮೇಲೆ ವಾ ಅಣ್ಣಾ' ಎಂದು. ಅಂಚಿನಲ್ಲಿ ಕೂತ ತೆಲುಗಿನವರು 'ಪೈಕಿ ರಾ ಅನ್ನಾ' ಎಂದರು. ಮೂರು ಭಾಷೆ ಒಂದರ ಮೇಲೊಂದು ಬಿದ್ದರೂ ರಾಗ ಎಲ್ಲೂ ಕೆಡಲಿಲ್ಲ. ನಾನು ಆ ಊರಿನಲ್ಲೇ ಹುಟ್ಟಿದವಳು, ಆ ಮೂರು ಭಾಷೆಯಲ್ಲೂ ಜಗಳವಾಡಬಲ್ಲವಳು. ಆದರೂ ಅಂಥದ್ದನ್ನು ಕೇಳಿರಲಿಲ್ಲ. ಸೊಲ್ಲೆತ್ತಬೇಕಾದ ನಾನೇ ಸೊಲ್ಲು ಮರೆತು ನಿಂತೆ.

ಲೀಡರ್ ವೇಷದವರು ಕೈಯಲ್ಲಿ ಮೈಕ್ ಹಿಡಿದುಕೊಂಡು ಭಾಷಣ ಶುರು ಮಾಡಲು ಒಮ್ಮೆ ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಮಡಿಚಿಕೊಂಡು ವೇದಿಕೆಯ ಹಲಗೆಯ ಮೇಲೆ ಚಕ್ಕಳಮಕ್ಕಳ ಕೂತುಬಿಟ್ಟರು. ಮೈಕನ್ನು ಪಕ್ಕಕ್ಕಿಟ್ಟರು. ನಾನು ಅಮ್ಮನನ್ನು ಹುಡುಕಿದೆ. ಎಲ್ಲರೂ ಅತ್ತೆಯನ್ನು ನೋಡುತ್ತಿದ್ದರು, ಅಮ್ಮ ಒಬ್ಬರೇ ಅವರ ಹಿಂದಿನ ಆ ಕಬ್ಬಿಣದ ಗೋಪುರವನ್ನು ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು, ದನಿ ಬರುತ್ತಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಇನ್ನು ಒಂದೇ ಪದ ಉಳಿದಿತ್ತು. ಓಲೆ ಬಿಚ್ಚಿಕೊಡುವ ಪದ. ಅತ್ತೆ ಉಸಿರು ಎಳೆದುಕೊಂಡರು, ಅಷ್ಟರಲ್ಲಿ ಕ್ಯಾಮೆರಾದವನು ಕೈ ಮೇಲೆತ್ತಿ ಬೆಳಕು ಹೋಯ್ತು ಎಂದ. ಸೂರ್ಯ ಸೈನೈಡ್ ದಿಬ್ಬದ ಹಿಂದೆ ಇಳಿದಿದ್ದ. ಪ್ಯಾಕಪ್ ಎಂದು ಯಾರೋ ಕೂಗಿದರು, ಸಿನಿಮಾದವರೆಲ್ಲ ಚಪ್ಪಾಳೆ ತಟ್ಟಿದರು. ಡೈರೆಕ್ಟರ್ ಓಡಿ ಬಂದು ಅತ್ತೆಯ ಕಾಲಿಗೆ ಬಿದ್ದ. ಆ ಗದ್ದಲದಲ್ಲೇ ಬಿರಿಯಾನಿ ಪೊಟ್ಟಣದ ಚೀಲಗಳು ಇಳಿದವು, ಟೆಂಪೋಗಳು ಹಾರನ್ ಹೊಡೆದವು, ಹೆಂಗಸರು ಎದ್ದು ಸೆರಗು ಕಟ್ಟಿ ನುಗ್ಗಿದರು. ಅದುವರೆಗೆ ಅಣ್ಣನನ್ನು ಕರೆದ ಬಾಯಿಗಳೇ ಈಗ ಲೆಗ್ ಪೀಸಿಗೆ ಜಗಳಕ್ಕೆ ನಿಂತವು. ಹಸಿದವರನ್ನು ನಾನು ಬೈಯುವುದಿಲ್ಲ. ಅತ್ತೆಯ ಕಡೆ ತಿರುಗಿ ನೋಡಿದೆ. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟು, ಓಗಾನ ಬಾ ಅಮ್ಮಿ, ಆಲು ಕರೆಯೋ ಒತ್ತಾಯ್ತು ಎಂದರು.

ಅವತ್ತೂ ಅಣ್ಣ ಮೇಲೆ ಬಂದದ್ದು ಕೊಟ್ಟಿಗೆಯಲ್ಲೇ.

ಸಿನಿಮಾ ತೆರೆಗೆ ಬರಲು ಬಹಳ ಕಾಲ ಹಿಡಿಯಿತು. ಬಂದಾಗ ಡೈರೆಕ್ಟರ್ ಮರೆಯಲಿಲ್ಲ, ಪಾಲ್ಗೊಂಡವರಿಗೆಲ್ಲ ಒಂದು ಮ್ಯಾಟಿನಿ ಆಟವನ್ನು ಕೆಜಿಎಫ್‌ನ ಟಾಕೀಸಿನಲ್ಲಿ ಬಿಟ್ಟಿ ಇಡಿಸಿದ. ಮೇಸ್ತ್ರಿ ಟೆಂಪೋ ತಂದ. ಸಿನಿಮಾಕ್ಕೆ ಯಾಕೋ ಟವೆಲ್ ಎಂದೆ. ಅಭ್ಯಾಸ ಕಣಕ್ಕ ಎಂದ. ಅತ್ತೆ ಸಭೆಯ ಹಸಿರು ಸೀರೆ ಉಟ್ಟಿದ್ದರು. ಅಮ್ಮನೂ ಲೈನಿನ ಹೆಂಗಸರ ಜೊತೆ ಬಂದು ನಮ್ಮ ಮುಂದಿನ ಸಾಲಿನಲ್ಲಿ ಕೂತರು. ಊರಿನ ಕಾಲೇಜು ಹುಡುಗರು, ಅಂಗಡಿಯವರು, ಯಾರ್ಯಾರೋ ಬಂದಿದ್ದರು.

ಜನ ನಕ್ಕದ್ದೇ ನಕ್ಕದ್ದು. ಆರ್ಕೆಸ್ಟ್ರಾ ಮೇಷ್ಟ್ರು ಹೆಸರು ಅದಲುಬದಲು ಮಾಡಿ ಒದ್ದಾಡಿದಾಗ ಮೇಸ್ತ್ರಿ ಕುರ್ಚಿ ಬಡಿದು ನಕ್ಕ. ಜನ ತುಂಬುವ ಏಜೆಂಟನ ಪಾತ್ರ ಬಂದಾಗ ಮಾತ್ರ ಗಂಭೀರವಾದ. ಕೊನೆಗೆ ನಮ್ಮ ಬಯಲು ಬಂತು. ಪರದೆಯ ಮೇಲೆ ಅತ್ತೆ ಅಷ್ಟು ದೊಡ್ಡದಾಗಿ ಕಂಡರು. ಮೂಗಿನ ಪಕ್ಕದ ಮಚ್ಚೆ ನಮ್ಮ ಮನೆಯ ರಾಗಿ ಮೊರದಷ್ಟಿತ್ತು. ಅತ್ತೆ ನನ್ನ ಕೈ ಹಿಡಿದುಕೊಂಡರು.

ಡೈರೆಕ್ಟರ್ ಪಟಾಕಿ ಸೇರಿಸಿರಲಿಲ್ಲ. ಬ್ಯಾಂಡ್ ಇಲ್ಲ, ಜೈಕಾರ ಇಲ್ಲ. ಮೈಕ್ ಹೋಯಿತು, ದನಿ ನಿಂತಿತು, ಆ ಖಾಲಿ ಹಾಗೇ ಟಾಕೀಸಿನ ತುಂಬ ಬಂತು. ಸೊಲ್ಲು ಎದ್ದಿತು. ಅತ್ತೆ ಮೈಕಿಲ್ಲದೆ ಹಾಡಿದರು, ಲೀಡರ್ ಹಲಗೆಯ ಮೇಲೆ ಕೂತರು, ಮೂರು ಭಾಷೆಯ ಜನ ಅಣ್ಣನನ್ನು ಕರೆದರು. ಕ್ಯಾಮೆರಾ ಮೆಲ್ಲಗೆ ಆ ಕಬ್ಬಿಣದ ಗೋಪುರವನ್ನು ಹತ್ತಿತು, ತುಕ್ಕು ಹಿಡಿದ ಗಾಲಿಯವರೆಗೆ. ಅಲ್ಲಿಗೆ ಪರದೆ ಕಪ್ಪಾಯಿತು.

ಸಂಗೀತವಿಲ್ಲದೆ ಹೆಸರುಗಳು ಮೇಲೇರತೊಡಗಿದವು. ಸೊಲ್ಲು ಬೀಳುತ್ತಿತ್ತು. ಎತ್ತಬೇಕಾದವಳು ನಾನು, ಆದರೆ ಪರದೆಯ ಮೇಲಿನ ಹೆಸರುಗಳನ್ನೇ ನೋಡುತ್ತ ಕೂತಿದ್ದೆ. ಮೇಸ್ತ್ರಿ ಎದ್ದು ಚಪ್ಪಾಳೆಗೆ ಟವೆಲ್ ಎತ್ತಿದ್ದು ಕಂಡಿತು. ಯಾರೂ ಅವನ ಕಡೆ ನೋಡಲಿಲ್ಲ.

ಮುಂದಿನ ಸಾಲಿನಿಂದ ಒಬ್ಬರ ದನಿ ಎದ್ದಿತು. ಒಡಕು ದನಿ, ಹಾಡಿ ಅಭ್ಯಾಸವಿಲ್ಲದ್ದು.

"ಮೇಲೆ ಬಾರೊ ಅಣ್ಣ, ಮೇಲೆ ಬಾರೊ."

ನಮ್ಮಮ್ಮ. ನಾನು ಹುಟ್ಟಿದಂದಿನಿಂದ ಅವರ ಬಾಯಲ್ಲಿ ಅಣ್ಣ ಎಂಬ ಮಾತು ಕೇಳಿರಲಿಲ್ಲ. ಜೋಗುಳ ಕೂಡ ಹಾಡಿದವರಲ್ಲ. ಕತ್ತಲಲ್ಲಿ ಎಲ್ಲಿಂದಲೋ ಒಂದು ದನಿ ಅವರಿಗೆ ಜೊತೆಯಾಯಿತು, ಇನ್ನೊಂದು ಆಯಿತು, ಆಮೇಲೆ ಇಡೀ ಟಾಕೀಸಿನ ಹೆಂಗಸರು. ಮೇಸ್ತ್ರಿ ಟವೆಲನ್ನು ಮಡಿಲಿಗೆ ಹಾಕಿಕೊಂಡು ಕೂತು ಅವನೂ ಸೊಲ್ಲು ಕೊಟ್ಟ.

ಎತ್ತಿದ ಮೇಲೆ ಮುಂದಾಳು ಹಾಡಲೇಬೇಕು. ಅತ್ತೆ ನನ್ನ ಕೈ ಬಿಟ್ಟು, ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಕಿತ್ತುಕೊಳ್ಳಲು ಅಲ್ಲಿ ಮೈಕೇ ಇರಲಿಲ್ಲ.

"ಕೊಟ್ಟ ಬಂಗಾರವ ಇಟ್ಟುಕೊ ಭೂಮ್ತಾಯಿ,
ಒಡಹುಟ್ಟಿದಣ್ಣನ್ನ ಕೊಡು ನಂಗೆ."

ಅಣ್ಣ ಮೇಲೆ ಬಂದ. ತಲೆಯ ಮೇಲಿನ ಮಣ್ಣು ಕೊಡವಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದ. ಆ ಸಾಲನ್ನು ನಾನು ಕೊಟ್ಟಿಗೆಯ ಬಾಗಿಲಲ್ಲಿ ಎಷ್ಟು ಸಲ ಕೇಳಿದ್ದೇನೋ, ಅವತ್ತು ಹೊಸದಾಗಿ ಕೇಳಿದ ಹಾಗಾಯಿತು. ದೀಪ ಹತ್ತಿದಾಗ ಯಾರೂ ಎದ್ದಿರಲಿಲ್ಲ. ಬಾಗಿಲು ತೆರೆಯುವ ಹುಡುಗನೂ ಬಾಗಿಲಿಗೆ ಒರಗಿ ನಿಂತಿದ್ದ. ಅಮ್ಮ ಹಿಂದಕ್ಕೆ ತಿರುಗಿ ಅತ್ತೆಯ ಎರಡೂ ಕೈಗಳನ್ನು ತೆಗೆದು ಕಣ್ಣಿಗೆ ಒತ್ತಿಕೊಂಡರು. ನಾನು ಅತ್ತುಬಿಟ್ಟೆ. ನಾಚಿಕೆ ಪಡದೆ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಳುತ್ತಲೇ ಇದ್ದೆ.

ಮನೆ ಮುಟ್ಟುವ ಹೊತ್ತಿಗೆ ಡೈರಿಗೆ ಹಾಲು ಹಾಕುವ ಸಮಯವಾಗುತ್ತ ಬಂದಿತ್ತು. ನಾನು ಅಭ್ಯಾಸದ ಮೇಲೆ ಚೊಂಬು ತಂದು ಹಿಡಿದೆ. ಅತ್ತೆ ತೆಗೆದುಕೊಂಡರು. ಕಾಲು ತೊಳೆದು, ಮುಖ ತೊಳೆದು, ಉಳಿದ ನೀರನ್ನು ಎತ್ತಿ ಗಟಗಟ ಕುಡಿದು ಚೊಂಬನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತರು.

ಹಸಿರು ಸೀರೆ ಉಟ್ಟು ಬಂದ ಸಂಜೆ ಹಾಡು ಇರುತ್ತದೆ ಎಂಬುದು ಹಸುವಿಗೂ ಗೊತ್ತು. ಅದು ಮೇವು ಬಿಟ್ಟು, ಕತ್ತು ತಿರುಗಿಸಿ ಅತ್ತೆಯನ್ನು ನೋಡುತ್ತ ನಿಂತಿತು.

"ಏನ್ ನೋಡ್ತೀಯಮ್ಮ?" ಎಂದರು ಅತ್ತೆ, ಕೆಚ್ಚಲಿಗೆ ನೀರು ಚಿಮುಕಿಸುತ್ತ. "ಬಂದ್ಬಿಟ್ಟ ಕಣೇ. ಎಲ್ರೂ ನೋಡಿದ್ರು. ಇವತ್ತು ಏನೂ ಉಳೀಲಿಲ್ಲ."